ಹಮೀದುನ್ನಿಸಾಳ ಪಾಲಿನ ಕುರಿ

ಹಮೀದುನ್ನಿಸಾಳ ಸಿಟ್ಟು ಬೀದರದ ಬ್ಯಾಸಗಿ ಬಿಸಲಿದ್ದಂಗ ಅಂತ ಓಣಿ ಮಂದಿ ಆಡಿಕೋತಾರ. ಸುಳ್ಳದು. ಬಿಸಲಿಗಿ ಸಂಜಿ ಅಂಬೋದೊಂದು ಇರ್ತದ. ಈಕಿ ಸಿಟ್ಟಿಗಿ ಹನ್ನೊಂದು ವರ್ಷ ಆತು, ಒಂದು ದಿನಾನೂ ಹೊತ್ತು ಮುಳುಗಿಲ್ಲ.

ಕೋಟಿ ಗ್ವಾಡಿ ಒಳಗಿನ ಹಳೇ ಬೀದರದಾಗ ಎರಡು ಖೋಲಿ ಮನಿ ಆಕಿದು. ಕುರಿ ತಲಿ, ಕುರಿ ಕಾಲು ಸುಡೋದು ಕಸುಬು. ಮುಂಜಾನಿ ಮಟನ್ ಅಂಗಡಿಯವರು ಚೀಲ ತಂದು ಇಳಸಿ ಹೋಗ್ತಾರ. ಈಕಿ ಅಂಗಳದಾಗ ಇದ್ದಲಿ ಒಲಿ ಹೊತ್ತಿಸಿ, ಕೆಂಪಗ ಕಾಸಿದ ಸಲಾಕಿಲೆ ಕೂದಲಾ ಸುಟ್ಟು, ಚಾಕುಲೆ ಕೆರದು, ಗೊರಸು ಕಿತ್ತಿ, ಅರಿಶಿಣ ಹಚ್ಚಿ ತೊಳದು ಕೊಡ್ತಾಳ. ಕುರಿ ಕಾಲಿನ ಪಾಯಾ ಸಾರು ತಿನ್ನೋ ಮಂದಿ ಬೆರಳು ಚೀಪಿಕೋತ ತಿಂತಾರ, ಆದ್ರ ಅದನ್ನ ಸುಟ್ಟಾಕಿ ಬಾಜೂಕ ಬಂದು ಕುಂತಳಂದ್ರ ಮೂಗು ಮುಚ್ಚತಾರ. ಎಷ್ಟು ಸಾಬಣ ತಿಕ್ಕಿದರೂ ಸುಟ್ಟ ಕೂದಲಿನ ವಾಸನಿ ಆಕಿ ಮೈ ಬಿಟ್ಟು ಹೋಗಂಗಿಲ್ಲ. ಬಸ್ಸಿನ್ಯಾಗ ಯಾರರೆ ಮಾರಿ ತಿರವಿದ್ರ, "ಮೂಗು ಅಷ್ಟು ನಾಜೂಕ ಇದ್ರ ಸ್ವಂತ ಕಾರ್ ಮಾಡ್ಕೊಂಡು ಹೋಗ್ರಿ" ಅಂತ ನೆಟ್ಟಗ ಹೇಳ್ತಾಳ. ಹಂಥಾಕಿ ಆಕಿ.

ಮೊದಲು ಈ ಕೆಲಸ ಇರಲಿಲ್ಲ. ಆಕಿ ಗಂಡ ಅಬ್ದುಲ ಮಜೀದ ಬೀದರ-ಭಾಲ್ಕಿ ನಡುವ ಜೀಪು ಓಡಸ್ತಿದ್ದ. ಸ್ವಂತದ್ದು, ಆದ್ರ ಸಾಲದ ಮ್ಯಾಲ ತಗೊಂಡಿದ್ದು. ಹನ್ನೊಂದು ವರ್ಷದ ಕೆಳಗ ಒಂದಿನ ಮಳ್ಯಾಗ ಜೀಪು ಸೇತುವಿ ಕಟ್ಟಿಗಿ ಬಡದು ಮಗ್ಗಲಾತು. ಒಳಗಿದ್ದ ಮಂದಿಗಿ ತರಚಿದ ಗಾಯ, ಮಜೀದಗ ಸೊಂಟ ಮುರೀತು. ಅಂವ ಹೈದರಾಬಾದಿನ ದವಾಖಾನ್ಯಾಗ ಮಲಗಿದ್ದಾಗ ಫೈನಾನ್ಸಿನವರು ಬಂದು ಜೀಪು ಎಳಕೊಂಡು ಹೋದ್ರು. ಮಗಳು ಜೇಬಾ ಆಗ ಎಂಟು ವರ್ಷದಾಕಿ. ಅವತ್ತಿಂದ ಮಜೀದ ಕೋಲು ಹಿಡದು ನಡೀತಾನ, ಒಂದು ಗೋದಾಮಿನ ಗೇಟಿಗಿ ಕುರ್ಚಿ ಹಾಕ್ಕೊಂಡು ಕುಂಡ್ರತಾನ.

ಬಡತನ ಬಂತು, ಬರ್ಲಿ. ಯಾರ ಮನಿಗಿ ಬಂದಿಲ್ಲ? ಬಡತನಕ್ಕ ಸಿಟ್ಟಾಗೋಷ್ಟು ಪುರಸೊತ್ತು ಹಮೀದುನ್ನಿಸಾಗ ಇರಲಿಲ್ಲ. ಆಕಿ ಸಿಟ್ಟು ಭಾವನ ಮನಿ ಮಾಂಸದ ಮ್ಯಾಲ.

ಭಾವ ಅಂದ್ರ ಮಜೀದನ ಅಣ್ಣ ಮಕ್ಸೂದ. ಭಾಲ್ಕ್ಯಾಗ ಸಿಮೆಂಟು, ತಗಡು ಮಾರೋ ದುಕಾನ, ಎರಡು ಮಜಲಿನ ಮನಿ. ಬಕ್ರೀದ ಬಂತಂದ್ರ ಮೂರು ನಾಲ್ಕು ಟಗರು ಕುರ್ಬಾನಿ. ಕುರ್ಬಾನಿ ಮಾಂಸ ಮೂರು ಪಾಲು ಆಗಬೇಕು: ಒಂದು ಮನಿಗಿ, ಒಂದು ಸಂಬಂಧಿಕರಿಗಿ, ಒಂದು ಗರೀಬರಿಗಿ. ಮಕ್ಸೂದನ ಹೆಂಡತಿ ಹಾಜಿರಾಬೀ ಸಂಬಂಧಿಕರ ಪಾಲು ಸ್ಟೀಲ್ ಡಬ್ಬಿಯೊಳಗ ತುಂಬಿ, ಮ್ಯಾಲ ಒಂದು ತುಂಡು ಕಲೇಜಿ, ಅಂದ್ರ ಲಿವರ್, ಇಟ್ಟು ಕೊಡ್ತಿದ್ಳು. ಗರೀಬರ ಪಾಲು ಕರೀ ಪ್ಲಾಸ್ಟಿಕ್ ಚೀಲದಾಗ. ಅದರಾಗ ಕುತ್ತಿಗಿ ಎಲುಬು, ಕೊಬ್ಬು, ಪೊರಿ. ಜೀಪು ಇರೋ ತನಕ ಹಮೀದುನ್ನಿಸಾಗ ಡಬ್ಬಿ ಸಿಗ್ತಿತ್ತು. ಜೀಪು ಹೋದ ವರ್ಷ ಹಾಜಿರಾಬೀ ಆಕಿನ್ನ ಹಿತ್ತಲ ಬಾಗಲಿಗಿ ಕರದು ಕರೀ ಚೀಲ ಕೈಯಾಗಿಟ್ಟಳು.

ಹಮೀದುನ್ನಿಸಾ ಬೀದರಕ್ಕ ಬಂದು ಚೀಲ ಬಿಚ್ಚಿ ನೋಡಿದ್ಳು. ಕಲೇಜಿ ಇರಲಿಲ್ಲ. ಯಾರೂ ಬಾಯಿ ಬಿಟ್ಟು ಏನೂ ಅಂದಿರಲಿಲ್ಲ, ಅನ್ನೋದು ಏನಿತ್ತು? ಒಂದು ವರ್ಷದ ಹಿಂದ ಈಕಿ ಆ ಮನಿ ಸೊಸಿ, ಈಗ ಬಾಗಲಿಗಿ ಬಂದ ಗರೀಬಳು. ಅಷ್ಟ.

ಅಷ್ಟಾದ್ರೂ ಹೋಗ್ಲಿ ಅನಬಹುದಿತ್ತು. ಆದ್ರ ಆ ಮನ್ಯಾಗ ಕೊಯ್ದ ಟಗರುಗಳ ತಲಿ, ಕಾಲು, ಬಾಜೂ ಮನಿಯವರ ತಲಿ, ಕಾಲು, ಎಲ್ಲಾ ಹಿತ್ತಲಾಗ ಕುಂತು ಈಕಿನೇ ಸುಡಬೇಕು. ಪೈಸಾ ಕೇಳಂಗಿಲ್ಲ. "ನೀ ಮನಿಯಾಕಿ ಅಲ್ಲೇನ ಹಮೀದಾ" ಅಂತಿದ್ಳು ಹಾಜಿರಾಬೀ. ಕೆಲಸಕ್ಕ ಮನಿಯಾಕಿ, ಪಾಲಿಗಿ ಗರೀಬಳು. ಸಂಜಿಗಿ ಬೈಠಕ್ಕಿನ್ಯಾಗ ಮಂದಿ ಕೂಡಿದಾಗ ಮಕ್ಸೂದ ಜೇಬಾನ್ನ ಕರಸ್ತಿದ್ದ. "ತಮ್ಮನ ಮನಿತನ ನಾವೇ ನೋಡ್ಕೋತೀವ್ರಿ, ಅಲ್ಲಾ ಕೊಟ್ಟಾನ, ನಾವು ಕೊಡ್ತೀವಿ" ಅಂತ ಮಂದಿಗಿ ಹೇಳಿ, ಹುಡುಗಿಗಿ, "ಶುಕ್ರಿಯಾ ಅನ್ನು ಬೇಟಾ" ಅಂತಿದ್ದ. ಎಂಟು ವರ್ಷದ ಕೂಸು ಅಂತಿತ್ತು. ಹದಿನಾಲ್ಕಕ್ಕ ಬಂದಾಗ ಅನ್ನಲಿಲ್ಲ. ಹಾಜಿರಾಬೀ ಅದಕ್ಕ ಸೊಕ್ಕಿನಾಕಿ ಅಂತ ಹೆಸರಿಟ್ಟಳು.

ಮಜೀದ ಸಮಾಧಾನದ ಮನಶ್ಯಾ. "ಉಂಡ ಮನಿ ಜಂತಿ ಎಣಸಬಾರ್ದು" ಅಂತಿದ್ದ.

"ಉಂಡಿದ್ದೆಲ್ಲಿ? ಹಿತ್ತಲಾಗ ನಿಂತು ಇಸಗೊಂಡೀನಿ" ಅಂತಿದ್ಳು ಈಕಿ. "ಹಿತ್ತಲಿಗಿ ಜಂತಿ ಇರಂಗಿಲ್ಲ."

ಈ ಮನಿತನ ಎದ್ದು ನಿಂತಿದ್ದು ಮಕ್ಸೂದನ ಎಲುಬಿನ ಮ್ಯಾಲ ಅಲ್ಲ, ಒಂದು ಕುರಿ ಮ್ಯಾಲ. ಜೀಪು ಹೋದ ವರ್ಷ ಛಳಿಗಾಲದಾಗ ಹಮೀದುನ್ನಿಸಾ ತಲಿ-ಕಾಲು ಸಸ್ತಾ ಸಿಗ್ತಾವಂತ ಔರಾದ ಕಡಿ ಸಂತಪುರದ ಸಂತಿಗಿ ಹೋಗಿದ್ಳು. ಅಲ್ಲಿ ಪರಿಚಯ ಆದಾಕಿ ಡಾಬಕಾದ ಅಂಜನಾಬಾಯಿ. ಗಂಡ ಮಡೆಪ್ಪ, ಐವತ್ತು ಅರವತ್ತು ಕುರಿ, ನಾಲ್ಕು ಎಕರೆ ಒಣಭೂಮಿ. ಅಂಜನಾಬಾಯಿ ಈಕಿಗಿಂತ ಹತ್ತು ವರ್ಷ ದೊಡ್ಡಾಕಿ, ಮಾತು ಕಮ್ಮಿ, ಆಡಿದ್ರ ಕಲ್ಲು ಒಗದಂಗ. ಈಕಿ ಮೈ ವಾಸನಿಗಿ ಮೂಗು ಮುಚ್ಚಲಾರದಾಕಿ ಆಕಿ ಒಬ್ಬಾಕಿನೇ. ಯಾಕಂದ್ರ ಆಕಿ ಮೈಯೂ ಕುರಿ ವಾಸನಿನೇ ಹೊಡೀತಿತ್ತು.

"ತಲಿ ಸುಟ್ಟು ಎಷ್ಟಂತ ಗಳಸ್ತಿ? ಒಂದು ಹೆಣ್ಣುಮರಿ ಕೊಂಡು ನನ್ನ ಹಿಂಡಿನ್ಯಾಗ ಪಾಲಿಗಿ ಬಿಡು" ಅಂದಿದ್ಳು ಅಂಜನಾಬಾಯಿ. ಕುರಿ ನಿನ್ನದು, ಮೇಯಿಸೋ ಕೆಲಸ ನನ್ನದು, ಹುಟ್ಟಿದ ಮರಿ ಇಬ್ಬರಿಗೂ ಅರ್ಧರ್ಧ. ಹಮೀದುನ್ನಿಸಾ ಕಾಲಾಗಿನ ಬೆಳ್ಳಿ ಚೈನು ಮಾರಿ ಒಂದು ಮರಿ ಕೊಂಡು ಬಿಟ್ಟಳು. ಎಡಗಿವಿ ತುದಿಗಿ ಗುರುತಿನ ಕಚ್ಚು ಹಾಕಿದ್ರು. ಕಾಗದ ಇಲ್ಲ, ಪತ್ರ ಇಲ್ಲ. ಕಟ್ಟಳಿ ಒಂದ: ಕುರಿ ಸತ್ತರ ಸಾಕಿದವರು ಆ ಗುರುತಿನ ಕಿವಿ ಕೊಯ್ದು ತಂದು ಒಡತಿಗಿ ತೋರಸಬೇಕು. ತೋರಸಿದ್ರ ಅಲ್ಲಿಗಿ ಹರೀತು, ನಷ್ಟ ಒಡತಿದು, ಸಾಕಿದವರ ಮ್ಯಾಲ ಮಾತಿಲ್ಲ.

ಹಮೀದುನ್ನಿಸಾಳ ನಸೀಬಕ್ಕ ಕಿವಿ ಎಂದೂ ಬರಲಿಲ್ಲ, ಮರಿನೇ ಬಂದವು. ವರ್ಷಾ ಗಂಡುಮರಿ ಮಾರಿದ್ರು, ಹೆಣ್ಣುಮರಿ ಹಿಂಡಿನ್ಯಾಗ ಉಳದವು. ದವಾಖಾನಿ ಸಾಲ ತೀರಿತು. ತಗಡಿನ ಮ್ಯಾಲ ಸ್ಲ್ಯಾಬ್ ಬಿತ್ತು. ಜೇಬಾ ನರ್ಸಿಂಗ್ ಓದಲಿಕ್ಕತ್ತಾಳ. ಈ ವರ್ಷ ಬಕ್ರೀದ ಮಿರಗದ ಮಳಿ ಜೋಡಿ ಬಂತು, ಮತ್ತ ಹನ್ನೊಂದು ವರ್ಷದಾಗ ಯಾರ ಬಾಗಲಕ್ಕೂ ಹೋಗಿ ನಿಂದರೋ ಗರಜು ಇಲ್ಲದ ಮೊದಲನೇ ಹಬ್ಬ ಆಗಿ ಬಂತು.

ಬ್ಯಾರೆ ಯಾರರೆ ಆಗಿದ್ರ ಕೈ ಎತ್ತಿ ಅಲ್ಲಾಗ ಶುಕ್ರ ಹೇಳ್ತಿದ್ರು. ಈಕಿ ಚೌಬಾರಾ ಕಡಿ ಬಜಾರಕ್ಕ ಹೋಗಿ ಕರೀ ಪ್ಲಾಸ್ಟಿಕ್ ಚೀಲ ಕೊಂಡು ತಂದಳು.

"ಈ ಸಲ ಕುರ್ಬಾನಿ ನಮ್ಮ ಮನ್ಯಾಗ, ನನ್ನ ಟಗರಿಂದು" ಅಂದಳು. "ಗರೀಬರ ಪಾಲು ಈ ಚೀಲದಾಗ ತುಂಬಿ ಭಾಲ್ಕಿಗಿ ಒಯ್ತೇನಿ. ಹಿತ್ತಲಾಗಲ್ಲ, ಮುಂಬಾಗಲದಾಗ. ಮಂದಿ ಎಲ್ಲಾ ನೋಡಬೇಕು. ಹಾಜಿರಾ ಭಾಬಿ ಕೈಯಾಗ ಇಟ್ಟು, ಭಾಯಿಜಾನ ಬಾಯಿಲೆ ಶುಕ್ರಿಯಾ ಅನಸ್ತೇನಿ."

"ಅಮ್ಮೀ, ಇದು ಕುರ್ಬಾನಿಯೋ, ಜಗಳೋ?" ಅಂತ ಕೇಳಿದ್ಳು ಜೇಬಾ.

"ಎರಡೂ."

ಹಬ್ಬ ಹತ್ತು ದಿನ ಇದ್ದಾಗ ಟಗರು ಆರಿಸಿ ತರಲಿಕ್ಕಿ ಡಾಬಕಾಕ್ಕ ಹೋದಳು. ಔರಾದ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅಂಜನಾಬಾಯಿ ಕುರಿ ಹೊಡಕೊಂಡು ಅಡವಿಗಿ ಹೋಗಿದ್ಳು. ಮನ್ಯಾಗ ಮಡೆಪ್ಪ ಒಬ್ಬನೇ. ಈಕಿಗಿ ಹೊರಸು ಹಾಕಿ, ಚಾ ಕೊಟ್ಟು, ದೊಡ್ಡ್ಯಾಗ ಕಟ್ಟಿದ್ದ ಟಗರು ತೋರಸಿದ. ಎರಡು ಹಲ್ಲಿಂದು, ಕರೀ ಮಾರಿ, ಬೆನ್ನ ಮ್ಯಾಲ ಕೈ ಇಟ್ಟರ ಗಟ್ಟಿ.

"ಹ್ಯಾಂಗದ ನೋಡ್ರಿ ತಂಗೆವ್ವ. ಯಾಕಿರಬಾರ್ದ್ರಿ, ನಮ್ಮ ಗೌರಿ ತಳಿ ಅಲ್ಲೇನ್ರಿ. ಆಕಿ ಮರಿಗೋಳು ಎಲ್ಲಾ ಹಿಂಗ."

"ಯಾವ ಗೌರಿ? ಇದು ನನ್ನ ಕುರಿ ತಳಿ ಅಲ್ಲೇನ ಅಣ್ಣಾ?"

ಎಲುಬಿಲ್ಲದ ನಾಲಿಗಿ. ಮಡೆಪ್ಪ ಈಕಿಗಿ ಎಲ್ಲಾ ಗೊತ್ತದಂತ ತಿಳಕೊಂಡಿದ್ದ.

"ನಿಮ್ಮ ಕುರಿ ಹಿರೇಬ್ಯಾನ್ಯಾಗ ಹೋತಲ್ರಿ, ಹತ್ತು ವರ್ಷದ ಕೆಳಗ, ಆಷಾಢದಾಗ. ಆ ವರ್ಷ ಈ ಊರಾಗ ಯಾರ ದೊಡ್ಡಿನೂ ಬರೋಬರಿ ಉಳೀಲಿಲ್ರಿ. ಡಾಕ್ಟರು ಬಂದು ಸೂಜಿ ಮಾಡಿದ್ರು, ಏನೂ ನಡೀಲಿಲ್ಲ. ನಮ್ಮವೇ ಹದಿನೇಳು ಹೋದವು. ನಿಮ್ಮದು ಮೂರನೇ ದಿನ ಹೋತು. ಅಂಜನಾ ಕಿವಿ ಕೊಯ್ದು ಸೆರಗಿನ್ಯಾಗ ಕಟ್ಟಿಕೊಂಡು ನಿಮಗ ತೋರಸಲಿಕ್ಕಿ ಬೀದರಕ್ಕ ಹೋಗಿದ್ಳಲ್ರಿ. ವಾಪಸ ಬಂದಾಕಿನೇ ನಮ್ಮ ಗೌರಿ ಎಡಗಿವಿಗಿ ಕಚ್ಚು ಹಾಕಿ, ಇನ್ನ ಮ್ಯಾಲ ಇದು ಹಮೀದಾಂದು ಅಂದ್ಳು. ಗಬ್ಬ ಇತ್ತು ಅದು. ನಾ ಬ್ಯಾಡಂದೆ, ಖರೇ ಹೇಳ್ತೇನಿ. ಆಕಿ ಮುಂದ ನನ್ನ ಮಾತು ಎಲ್ಲಿ ನಡೀತದ."

ಹಮೀದುನ್ನಿಸಾ ಚಾದ ಬಟ್ಟಲಾ ಕೆಳಗಿಟ್ಟಳು.

ಆ ದಿನ ಆಕಿಗಿ ನೆನಪಿತ್ತು. ಮಜೀದ ಸೊಂಟದಾಗ ಎರಡನೇ ಸಲ ಕಬ್ಬಣದ ಸಲಾಕಿ ಹಾಕಿಸ್ಕೊಂಡು ಬಂದು ಮಲಗಿದ್ದ. ಗುಜರಿಯಂವ ಬಾಗಲಾಗ ತಕ್ಕಡಿ ಹಿಡದು ನಿಂತಿದ್ದ, ಈಕಿ ತವರಿನ ತಾಮ್ರದ ಹಂಡೆ ಅದಕ್ಕ ಹಾಕಲಿಕ್ಕತ್ತಿದ್ಳು. ಆಗ ಅಂಜನಾಬಾಯಿ ಬಂದು ಬಾಗಲಾಗ ನಿಂತಿದ್ಳು. ಹಂಡೆ ನೋಡಿದ್ಳು, ಹೊರಸಿನ ಮ್ಯಾಲಿನ ಮಜೀದನ್ನ ನೋಡಿದ್ಳು, ಸೆರಗಿನ ಗಂಟು ಮುಷ್ಟ್ಯಾಗ ಹಿಡಕೊಂಡು, "ನಿನ್ನ ಕುರಿ ಗಬ್ಬ ಆಗ್ಯಾದ, ಹೇಳಿ ಹೋಗಬೇಕಂತ ಬಂದೆ" ಅಂದಿದ್ಳು. ಆ ಇಡೀ ವರ್ಷದಾಗ ಈ ಮನಿಗಿ ಬಂದ ಚಲೋ ಸುದ್ದಿ ಅದೊಂದ. ಹಮೀದುನ್ನಿಸಾ ಅವತ್ತು ನಕ್ಕಿದ್ಳು. ಗುಜರಿಯಂವನ ಮುಂದ, ಹಂಡೆ ಹೋದ ಮ್ಯಾಲೂ, ನಕ್ಕಿದ್ಳು.

ಸಂಜಿಗಿ ಹಿಂಡು ಬಂತು. ಅಂಜನಾಬಾಯಿ ಕಂಬಳಿ ತಗದು ಗ್ವಾಡಿಗಿ ಹಾಕೋದ್ರಾಗ ಈಕಿ ಎದುರಿಗಿ ಹೋಗಿ ನಿಂತಳು.

"ನನ್ನ ಕುರಿ ಕಿವಿ ಎಲ್ಲದ ಅಕ್ಕಾ?"

ಅಂಜನಾಬಾಯಿ ಗಂಡನ ಕಡಿ ನೋಡಿದ್ಳು. ಮಡೆಪ್ಪ ಒಳಗ ಹೋದ.

"ಹಳೇ ಮಾತದು. ಹೊತ್ತಾತು, ಟಗರು ತಗೊಂಡು ನಡಿ."

"ಟಗರು ನಂದಲ್ಲ. ಸ್ಲ್ಯಾಬ್ ನಂದಲ್ಲ, ನನ್ನ ಮಗಳ ಫೀ ನಂದಲ್ಲ. ಹತ್ತು ವರ್ಷ ನಾ ನನ್ನ ದುಡಿಮಿ ಉಣ್ಲಿಕ್ಕತ್ತೀನಿ ಅಂತ ಎದಿ ಎತ್ತಿ ತಿರಗೀನಿ. ಹಾಜಿರಾಬೀ ನನಗ ಕರೀ ಚೀಲ ಕೊಟ್ಟಳು, ನೀನೂ ಕೊಟ್ಟಿ. ಆಕಿ ಎದುರಿಗಿ ನಿಂತು ಕೊಟ್ಟಳು. ನೀ ಬೆನ್ನ ಹಿಂದ ಕೊಟ್ಟಿ."

ಅಂಜನಾಬಾಯಿ ಮಾರಿ ಸಣ್ಣದಾತು. "ಬಸ್ಸು ತಪ್ಪತದ, ಹೋಗು" ಅಂದು ಕುರಿಗಿ ನೀರು ಹಾಕಲಿಕ್ಕಿ ಹೋದಳು.

ಹಮೀದುನ್ನಿಸಾ ಬರಿಗೈಲೆ ಬೀದರಕ್ಕ ಬಂದಳು. ಒಂಬತ್ತು ದಿನ ಮನಿ ಮಂದಿಗಿ ಆಕಿ ಜೋಡಿ ಬದುಕೋದು ಸಾಕುಸಾಕಾತು. ಮಜೀದ ಸುದ್ದಿ ಕೇಳಿ, "ಕೊಟ್ಟ ಮ್ಯಾಲ ನಿಂದೇ ಅಲ್ಲೇನ? ಕೊಟ್ಟಿದ್ದೂ ಹಲಾಲೇ" ಅಂದ.

"ಹಲಾಲ ನನಗ ಕಲಸಬ್ಯಾಡ್ರಿ. ಮಂದಿ ದಾನ ಕೊಟ್ಟ ಖೈರಾತಿನ ಟಗರು ಕೊಯ್ದು, ಹೋಗಿ ನಿಮ್ಮ ಅಣ್ಣನ ಮುಂದ ದೊಡ್ಡಸ್ತಿಕಿ ತೋರಸಲೇನು?"

ಸಲಾಕಿ ಕಾಸಿಕೋತ ಕುಂತಾಗ ಮಾತ್ರ ಬ್ಯಾರೆ ಮಾತು ತಲ್ಯಾಗ ಬರ್ತಿತ್ತು. ಪ್ರತಿ ವರ್ಷ ಮರಿ ಪಾಲು ಹಾಕೋ ದಿನ ಈಕಿ ಡಾಬಕಾಕ್ಕ ಹೋಗ್ತಿದ್ಳು. ಅಂಜನಾಬಾಯಿ ರೊಟ್ಟಿ, ಪುಂಡಿಪಲ್ಯ ಹಾಕಿ ಉಣಸ್ತಿದ್ಳು. ಉಂಡು ಕೈ ತೊಳದು ಎದ್ದು ಈಕಿ ಮಾಡ್ತಿದ್ದ ಕೆಲಸೇನು? ಚಲೋ ಮರಿ ತಾವು ಇಟಗೊಂಡು ಬಡಕಲು ಮರಿ ನನಗ ಹಾಕ್ಯಾರೇನು ಅಂತ ಒಂದೊಂದು ಮರಿ ಬೆನ್ನು ತಡವಿ, ಬಾಯಿ ತಗದು ಹಲ್ಲು ನೋಡ್ತಿದ್ಳು. ಅಂಜನಾಬಾಯಿ ಬಾಜೂಕ ನಿಂತು, "ನೋಡಕೋ, ಬರೋಬರಿ ನೋಡಕೋ" ಅಂತಿದ್ಳು. ಮಕ್ಸೂದ ಕೊಟ್ಟ ಒಂದೊಂದು ಎಲುಬೂ ಈಕಿಗಿ ವರ್ಷದ ಸಮೇತ ನೆನಪಿತ್ತು. ಅಂಜನಾಬಾಯಿ ಮನ್ಯಾಗ ತಿಂದ ರೊಟ್ಟಿ ಎಷ್ಟಂತ ಕೇಳಿದ್ರ ಒಂದೂ ನೆನಪಿಲ್ಲ. ಇದು ತಿಳದಾಗ ನಾಚಿಗಿ ಬರಬೇಕಿತ್ತು, ಬಂತು ಕೂಡ. ಆದ್ರ ಈಕಿಗಿ ನಾಚಿಗಿ ಬಂದ್ರೂ ಸಿಟ್ಟಿನ ವೇಷದಾಗೇ ಬರ್ತದ. ಅವತ್ತು ಎರಡು ತಲಿ ಸುಟ್ಟು ಕರಕ ಮಾಡಿ ಗಿರಾಕಿ ಕಡಿಂದ ಬೈಸಿಕೊಂಡಳು.

ಹಬ್ಬದ ಹಿಂದಿನ ದಿನ ಹಾಜಿರಾಬೀ ಫೋನ್ ಮಾಡಿದ್ಳು. "ಹಮೀದಾ, ನಾಳಿ ಲಗೂನ ಬರ್ರಿ. ಈ ಸಲ ನಾಲ್ಕು ನಮ್ಮವು, ಬಾಜೂದವು ಎರಡು."

"ಬರಂಗಿಲ್ಲ ಭಾಬಿ."

"ಯಾಕ? ಮೈಯಾಗ ಹುಷಾರಿಲ್ಲೇನು?"

ನಮ್ಮ ಮನ್ಯಾಗ ಕುರ್ಬಾನಿ ಅದ ಅನ್ನೋ ಮಾತು ನಾಲಿಗಿ ತುದಿಗಿ ಬಂತು. ಈ ಮಾತು ಅನ್ನಲಿಕ್ಕಿ ಹನ್ನೊಂದು ವರ್ಷ ಕಾದಿದ್ಳು, ಈಗ ಅನ್ನಲಿಕ್ಕಿ ಟಗರಿಲ್ಲ. "ತಲಿಗಿ ಇನ್ನೂರು, ಕಾಲು ಸೇರಿ" ಅಂದಳು. "ಬೀದರಕ್ಕ ತಂದು ಕೊಡ್ರಿ, ಸುಟ್ಟು ಇಟ್ಟಿರ್ತೇನಿ." ಫೋನ್ ಇಟ್ಟಳು. ಮಜೀದ ಹಣಿಗಿ ಕೈ ಹಚ್ಚಿಕೊಂಡ.

ಹಬ್ಬದ ಮುಂಜಾನಿ ಜಿಟಿಜಿಟಿ ಮಳಿ. ಮಂದಿ ನಮಾಜು ಮುಗಿಸಿ ಬಂದಿದ್ರು. ತಿಂಗಳದ ಹಿಂದೇ ಹೇಳಿ ಇಟ್ಟಿದ್ದ ಖಸಾಯಿ ಹಬೀಬ ಚಾಕು ಚೀಲ ಹೆಗಲಿಗಿ ಹಾಕ್ಕೊಂಡು ಬಂದು, "ಜಾನವರ ಎಲ್ಲದ ಖಾಲಾ?" ಅಂದ.

"ಇಲ್ಲ. ಮುಂದಿನ ಮನಿಗಿ ಹೋಗು."

ಹಬೀಬ ತಿರಗೋದ್ರಾಗ ಓಣಿ ತುದಿಗಿ ಒಂದು ಟಂಟಂ ಬಂದು ನಿಂತಿತು. ಹಿಂದ ಕಂಬಳಿ ಹೊದ್ದು ಕುಂತಾಕಿ ಅಂಜನಾಬಾಯಿ, ಆಕಿ ಮಗ್ಗಲದಾಗ ಕರೀ ಮಾರಿ ಟಗರು. ಡಾಬಕಾದಿಂದ ನಸುಕಿನ್ಯಾಗ ಹೊಂಟು, ಮಳ್ಯಾಗ ನೆನಕೋತ ಬಂದಿದ್ಳು. ಇಳದು, ಹಗ್ಗ ಹಿಡದು ಟಗರು ಎಳಕೊಂಡು ಬಂದು ಈಕಿ ಮುಂದ ನಿಂದರಸಿದ್ಳು.

"ತಗೋ ನಿನ್ನ ಟಗರು."

"ನಂದಲ್ಲಂತ ಹೇಳೀನಿ."

"ಮತ್ತ ಯಾರದು? ನನ್ನ ಹೊಲದಾಗಿನ ಮೇವು ತಿಂದು ಯಾಕ ಬಿದ್ದಿರಬೇಕು ಇದು?"

"ಖೈರಾತಿಂದು ನಾ ಕೊಯ್ಯಂಗಿಲ್ಲ, ಅಕ್ಕಾ. ಹೋಗು."

ಓಣಿ ಬಾಗಲಗೋಳು ತಗದವು. ಮಜೀದ ಕೋಲು ಊರಿಕೊಂಡು ಹೊರಗ ಬಂದ. ಅಂಜನಾಬಾಯಿ ಯಾರಿಗೂ ನೋಡಲಿಲ್ಲ. ಕಟ್ಟಿ ಮ್ಯಾಲ ಕುಂತು ಸೆರಗಿಲೆ ಮಾರಿ ಒರಸಿಕೊಂಡಳು. ಆಮ್ಯಾಲ, ದಾರಿ ತುಂಬ ಬಾಯಿಪಾಠ ಮಾಡಿಕೊಂಡು ಬಂದವರಂಗ, ನೆಲ ನೋಡಿಕೋತ ಹೇಳಲಿಕ್ಕತ್ತಿದ್ಳು.

"ನಿನಗ ಮಡೆಪ್ಪ ಅರ್ಧ ಹೇಳ್ಯಾನ. ಅವಂಗೂ ಪೂರಾ ಗೊತ್ತಿಲ್ಲ. ನಿನ್ನ ಕುರಿ ಬ್ಯಾನಿಲೆ ಸತ್ತಿದ್ದಲ್ಲ. ಆ ಆಷಾಢದಾಗ ನಾ ಚಿಂತಾಕಿಗಿ ತಮ್ಮನ ಮದಿವಿಗಿ ಹೋಗಿದ್ದೆ. ಹೋಗೋ ಗಡಿಬಿಡ್ಯಾಗ ದೊಡ್ಡಿ ಬಾಗಲಾ ಬರೋಬರಿ ಹಾಕಲಿಲ್ಲ. ತೋಳ ಬಂದು ಒಯ್ತು. ತಪ್ಪು ನಂದು. ಸಾಕಿದವರ ತಪ್ಪಿಲೆ ಹೋದ್ರ ಕುರಿಗಿ ಕುರಿ ಕಟ್ಟಿ ಕೊಡಬೇಕು, ಅದು ನಮ್ಮ ಕಟ್ಟಳಿ. ಕೊಟ್ಟೆ. ಹೇಳಲಿಕ್ಕಿ ನಾಚಿಗಿ ಬಂತು, ಹೇಳಲಿಲ್ಲ. ಖೈರಾತ ಅಲ್ಲದು, ದಂಡ."

ಹಮೀದುನ್ನಿಸಾಳ ಬಾಯಿ ತಗೀತು. ಸುಳ್ಳು ಕೇಳಿ ಸುಮ್ನ ಬಿಟ್ಟಾಕಿ ಅಲ್ಲ ಆಕಿ ಎಂದೂ. ಇದಂತೂ ಎಂಥಾ ಸುಳ್ಳು. ಆಷಾಢದಾಗ ಯಾರರೆ ಮದಿವಿ ಮಾಡ್ತಾರ? ತೋಳ ಒಯ್ದ ಕುರಿ ಕಿವಿ ಈಕಿ ಸೆರಗಿನ್ಯಾಗ ಹ್ಯಾಂಗ ಬಂತು? ತಮ್ಮ ಮನಿ ಹದಿನೇಳು ಕುರಿ ಮಣ್ಣು ಮಾಡಿದ ವಾರದಾಗ ಮದಿವಿ ಊಟಕ್ಕ ಹೋಗಿದ್ಳಂತ. ಜಿಂದಗಿ ಒಳಗ ಸುಳ್ಳು ಹೇಳಿ ರೂಢಿ ಇಲ್ಲದಾಕಿ, ಒಂದು ಸುಳ್ಳಿನ್ಯಾಗ ಮೂರು ತೂತು ಬಿಟ್ಟು ತಂದಿದ್ಳು.

ಆಕಿ ಕಾಲು ಕೆಸರಾಗಿದ್ದವು. ಕೂದಲದಿಂದ ನೀರು ಸೋರ್ತಿತ್ತು. ಐವತ್ತೆಂಟು ವರ್ಷದ ಹೆಣಮಗಳು, ಇಡೀ ಓಣಿ ಮುಂದ ಕುಂತು, ತನ್ನ ಮ್ಯಾಲ ತಾನೇ ತಪ್ಪು ಹೊರಿಸ್ಕೊಳ್ಳಲಿಕ್ಕತ್ತಿದ್ಳು. ಒಬ್ಬಾಕಿ ತಲಿ ತಗ್ಗಬಾರದಂತ ತನ್ನ ತಲಿ ತಗ್ಗಿಸಿ ಕುಂತಿದ್ಳು. ಮಕ್ಸೂದ ಇಷ್ಟು ವರ್ಷದಾಗ ಕೊಟ್ಟಿದ್ದೆಲ್ಲಾ ಇವರ ತಲಿ ತಗ್ಗಿಸಿ ಕೊಟ್ಟಿದ್ದು.

ಹಮೀದುನ್ನಿಸಾ ಬಾಗಲಾ ಬಿಟ್ಟು ಕಟ್ಟಿ ಹತ್ರ ಬಂದಳು.

"ತಪ್ಪು ನಿಂದಂದಿ" ಅಂದಳು.

"ನಂದು."

"ಹತ್ತು ವರ್ಷ ಮುಚ್ಚಿಟ್ಟಿ."

"ಇಟ್ಟೆ."

"ಹಂಗಾದ್ರ ದಂಡ ಬರೋಬರಿ ಅದ" ಅಂತ ಓಣಿಗೆಲ್ಲಾ ಕೇಳೋಹಂಗ ಅಂದು, ಹಗ್ಗ ಇಸಗೊಂಡಳು. "ಹಬೀಬ, ಎಲ್ಲಿ ಹೊಂಟಿ? ಜಾನವರ ಕಾಣಂಗಿಲ್ಲೇನು?"

ಕುರ್ಬಾನಿ ಆತು. ಅಂಗಳದಾಗ ಚಾಪಿ ಹಾಸಿ ಮೂರು ಪಾಲು ಹಾಕಿದ್ರು. ಜೇಬಾ ಒಳಗಿಂದ ಕರೀ ಚೀಲ ತಂದು ಹಿಡದಳು. "ಭಾಲ್ಕಿಗಿ ಯಾವುದು ತುಂಬಲಿ?"

ಹಮೀದುನ್ನಿಸಾ ಚೀಲ ನೋಡಿದ್ಳು. ಕಸೂತಿ ಹಾಕೋರಂಗ ಹನ್ನೊಂದು ವರ್ಷ ಕುಂತು ಹೆಣೆದ ಸೇಡು. ಬಾಜೂಕ ಅಂಜನಾಬಾಯಿ ಜೇಬಾಳ ಒಣ ಅರವಿ ಉಟಗೊಂಡು ಚಾ ಕುಡಕೋತ ಕುಂತಿದ್ಳು. ಇಂಥಾಕಿ ಎದುರಿಗಿ ಕುಂತಾಗ ಎಲುಬು ಆರಿಸಿ ತುಂಬಲಿಕ್ಕಿ ಕೈ ಏಳಲಿಲ್ಲ.

"ಸಂಬಂಧಿಕರ ಪಾಲಿಂದು. ಸ್ಟೀಲ್ ಡಬ್ಬಿಗಿ ತುಂಬು. ಮ್ಯಾಲ ಕಲೇಜಿ ಇಡು, ದೊಡ್ಡ ತುಂಡು."

"ಸಿಟ್ಟು ಹೋತೇನ ಅಮ್ಮೀ?"

"ಎಲ್ಲಿ ಹೋಗ್ತದ? ಸಾಯೋ ತನಕ ಹೋಗಂಗಿಲ್ಲ. ಸಂಬಂಧಿಕರಿಗಿ ಹ್ಯಾಂಗ ಪಾಲು ಹಾಕಬೇಕಂತ ಡಬ್ಬಿ ತಗದು ನೋಡಿ ಕಲೀಲಿ ಅವರು. ಕಲೀಲಿಲ್ಲಂದ್ರ ಬಿಡ್ಲಿ." ಮತ್ತ ಅಂದಳು, "ಡಬ್ಬಿ ವಾಪಸ ತಗೊಂಡು ಬಾ. ಪುಗಸಟ್ಟಿ ಬಂದಿದ್ದಲ್ಲ."

ಆಮ್ಯಾಲ ಮನಿ ಪಾಲಿಗಿ ಕೈ ಹಾಕಿದ್ಳು. ಅದನ್ನ ಎರಡು ಮಾಡಿ, ಒಂದು ಭಾಗ ದೊಡ್ಡ ಪಾತೇಲಿಗಿ ತುಂಬಿ ಅರವಿ ಕಟ್ಟಿ ಅಂಜನಾಬಾಯಿ ಮುಂದ ಇಟ್ಟಳು. ಅಂಜನಾಬಾಯಿ ಇಷ್ಟ್ಯಾಕ ಅಂದಳು, ಬ್ಯಾಡಂದಳು, ಮಡೆಪ್ಪಗ ಹಲ್ಲಿಲ್ಲಂದಳು. ಈಕಿ ಯಾವುದೂ ಕೇಳಲಿಲ್ಲ. ಪಾತೇಲಿ ತಾನ ಹೊತ್ತು ಟಂಟಂ ತನಕ ಹೋದಳು.

ಗಾಡಿ ಹೊಂಡೋದ್ರಾಗ ಈಕಿ ಕೇಳಿದ್ಳು: "ನಿನ್ನ ತಮ್ಮನ ಹೆಸರೇನು?"

"ಯಾವ ತಮ್ಮ?"

"ಆಷಾಢದಾಗ ಮದಿವಿ ಮಾಡ್ಕೊಂಡಾನಲ್ಲ, ಅಂವ."

ಅಂಜನಾಬಾಯಿ ಹೆಸರು ಹುಡುಕಿದ್ಳು. ಸಿಗಲಿಲ್ಲ. ಪಾತೇಲಿ ಮ್ಯಾಲಿನ ಗಂಟು ಬಿಚ್ಚಿ ಮತ್ತ ಕಟ್ಟಿದ್ಳು. ಕಡೀಕ ತಲಿ ಎತ್ತದೇ ಕೇಳಿದ್ಳು: "ಗೊತ್ತಿದ್ದೂ ತಗೊಂಡಿಯೇನು?"

"ತಗೊಂಡೆ" ಅಂದಳು ಹಮೀದುನ್ನಿಸಾ. ದನಿ ಒಡೀತು, ಅದಕ್ಕೂ ಆಕಿಗಿ ಸಿಟ್ಟು ಬಂತು. "ನಿನ್ನ ಕೈಲೆ ತಗೊಂಡ್ರ ನಾ ಸಣ್ಣಾಕಿ ಆಗಂಗಿಲ್ಲಂತ ತಿಳೀಲಿಕ್ಕಿ ಇಷ್ಟು ವರ್ಷ ಹತ್ತಿತು. ಇನ್ನ ಮ್ಯಾಲ ನಿನ್ನ ದೊಡ್ಡ್ಯಾಗ ಬ್ಯಾನಿ ಬಂತಂದ್ರ ಮೊದಲು ನನಗ ಹೇಳಬೇಕು. ನಂದು ಸತ್ತರ ನಂದು, ನಿಂದು ಸತ್ತರ ಅದೂ ಅರ್ಧ ನಂದು. ನಡಿ ಈಗ, ಮಾಂಸ ಕೆಡ್ತದ."